ಹಿಂದಿನ ಗಾಲಿಗೆ ಕೈ ಹಚ್ಚಿದವನು

ನಾನು ನಜೀರಸಾಬ ತಂದೆ ಇಮಾಮಸಾಬ, ವಯಸ್ಸು 58 ವರ್ಷ, ಉದ್ಯೋಗ ಸೈಕಲ್ ದುರಸ್ತಿ, ಸಾ|| ಕುಷ್ಟಗಿ, ಜಿ|| ಕೊಪ್ಪಳ, ಇಂದು ದಿನಾಂಕ 18-09-2025 ರಂದು ಬೆಳಿಗ್ಗೆ 10-20 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದು ಏನೆಂದರೆ, ದಿನಾಂಕ 15-09-2025 ರಂದು ಇದೇ ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ಖರೆ ಸಂಗತಿ ಈ ಕೆಳಗಿನಂತೆ ಇರುತ್ತದೆ.

ನಾನು 36 ವರ್ಷದಿಂದ ಊರಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿರುತ್ತೇನೆ. ಮನೆಯಲ್ಲಿ ಹೆಂಡತಿ ರಾಜಾಬೀ ಹಾಗೂ ಮಗಳು ಅಂಜುಮ ಇರುತ್ತಾರೆ. ನನ್ನ ತಂಗಿ ಗೌಸಬೀಯ ಮಗ ಮಂಜೂರ, ವಯಸ್ಸು 29 ವರ್ಷ, ಇವನು ಎಂಟು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತು, ಎರಡು ವರ್ಷದ ಹಿಂದೆ ಅದೇ ರಸ್ತೆಯಲ್ಲಿ ನನ್ನ ಅಂಗಡಿಯಿಂದ 160 ಅಡಿ ದೂರಕ್ಕೆ ಸ್ವಂತ ಅಂಗಡಿ ಹಾಕಿದನು. 160 ಅಡಿ ಎಂಬುದನ್ನು ನಾನೇ ಅಳೆದಿದ್ದೇನೆ. ಅಂಗಡಿ ತೆರೆಯುವ ದಿನ ಫಾತೇಹಾ ಪ್ರಾರ್ಥನೆಗೆ ಅವನು ಕರೆಯಲು ಬಂದಾಗ ಜ್ವರ ಬಂದಿದೆ ಎಂದು ಹೇಳಿ ಹೋಗಲಿಲ್ಲ. ಜ್ವರ ಬಂದಿರಲಿಲ್ಲ.

ಈ ಕೇಸಿನ ಗಾಯಾಳು ಗವಿಸಿದ್ದೇಶ ಮಾಸ್ತರರು ಹೈಸ್ಕೂಲ್ ಶಿಕ್ಷಕರಿದ್ದು, ನನ್ನ ಹಳೆಯ ಗಿರಾಕಿ. 2011ರಲ್ಲಿ ಅವರ ಸೈಕಲ್ಲನ್ನು ನಾನೇ ಕಟ್ಟಿದ್ದೇನೆ. ಚೌಕಟ್ಟು ಗದಗಿನಿಂದ, ರಿಮ್ಮು ಹುಬ್ಬಳ್ಳಿಯಿಂದ ತರಿಸಿ, ಹಿಂದಿನ ಗಾಲಿಯ ನಲವತ್ತು ಕಡ್ಡಿಗಳನ್ನು ಒಂದೊಂದಾಗಿ ಹಾಕಿ, ಮೂರು ದಿನ ಬೇರೆ ಗಿರಾಕಿಗಳನ್ನು ವಾಪಸ್ ಕಳಿಸಿ ಕಟ್ಟಿದ್ದು ಇರುತ್ತದೆ. ಮುಂದೆ ಹದಿನಾಲ್ಕು ವರ್ಷ ಆ ಸೈಕಲ್ಲಿನ ನಟ್ಟುಗಳಿಗೆ ನನ್ನ ಪಾನಾ ಬಿಟ್ಟು ಇನ್ನೊಬ್ಬನ ಪಾನಾ ಹತ್ತಿಲ್ಲ.

ಈ ವರ್ಷ ಮಾರ್ಚ್ ತಿಂಗಳಲ್ಲಿ ಮಾಸ್ತರರು ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಅಗ್ಗದ ಕ್ಯಾಮೆರಾ ತಂದು, ಹ್ಯಾಂಡಲ್ಲಿಗೆ ಕೂರಿಸಿಕೊಡಲು ಹೇಳಿದರು. ಅದು ಗಡಗಡ ನಡುಗುತ್ತಿತ್ತು. ನಾನು ಹಳೆಯ ಟ್ಯೂಬಿನ ತುಂಡು ಕತ್ತರಿಸಿ ಕ್ಲಿಪ್ಪಿನ ಕೆಳಗೆ ಸುತ್ತಿ ಬಿಗಿದೆ. ಆಮೇಲೆ ಅಲುಗಾಡಲಿಲ್ಲ. ಇದರಲ್ಲಿ ಏನೇನು ಕಾಣುತ್ತದೆ ಎಂದು ನಾನು ಕೇಳಲಾಗಿ, 'ಎಲ್ಲಾ ಕಾಣ್ತೈತ್ರಿ ನಜೀರಸಾಬ್ರ' ಅಂತಾ ಅವರು ಹೇಳಿದರು.

ಅಂದಿನಿಂದ ಮಾಸ್ತರರು ಪ್ರತಿ ರವಿವಾರ ಬೆಳಿಗ್ಗೆ ಒಂದೊಂದು ಊರಿಗೆ ಸೈಕಲ್ ಹೊಡೆದು, ದಾರಿಯ ವಿಡಿಯೋವನ್ನು ಸಂಜೆ ಮೊಬೈಲಿನಲ್ಲಿ ಹಾಕುತ್ತಿದ್ದರು. ಸಾವಿರಾರು ಜನ ನೋಡುತ್ತಿದ್ದರು. ನಾನೂ ಅಂಜುಮಳ ಫೋನಿನಲ್ಲಿ ಒಂದೂ ಬಿಡದೆ ನೋಡಿದ್ದೇನೆ. ದಾಳಿಂಬೆ ತೋಟ, ಗುಡ್ಡ, ಚಹಾದ ಅಂಗಡಿ, ಎಲ್ಲಾ ಕಾಣುತ್ತಿದ್ದವು. ಸೈಕಲ್ ಒಂದು ಕಾಣುತ್ತಿರಲಿಲ್ಲ. ಕ್ಯಾಮೆರಾ ಸೈಕಲ್ಲಿನ ಮೇಲೆಯೇ ಕುಳಿತು ಮುಂದೆ ನೋಡುತ್ತದೆ, ಸೈಕಲ್ ಹೇಗೆ ಕಂಡೀತು! 'ತಳಕಲ್ಲ ಊರಿನ ನಾಯಿ ಸೈತ ವಿಡಿಯೋದಾಗ ಐತಿ, ನಿಮ್ಮ ಸೈಕಲ್ ಎಲ್ಲೈತ್ರಿ?' ಅಂತಾ ರಾಜಾಬೀ ನಗಾಡಿದಳು. ಬೆಳಗಿನ ಬಿಸಿಲಿಗೆ ರಸ್ತೆಯ ಮೇಲೆ ಸೈಕಲ್ಲಿನ ನೆರಳು ಬೀಳುತ್ತಿತ್ತು. ನಾನು ಅದನ್ನೇ ಬೆರಳಿಟ್ಟು ತೋರಿಸಿದೆ. ನೆರಳಾದರೂ ಬಂತಲ್ಲ ಎಂದುಕೊಂಡೆ.

ದಿನಾಂಕ 07-09-2025 ರವಿವಾರ ನಾವೆಲ್ಲರೂ ಗಂಗಾವತಿಗೆ ಮದುವೆಗೆ ಹೋಗಿದ್ದು, ನನ್ನ ಅಂಗಡಿ ಬಂದ್ ಇತ್ತು. ಮರುದಿನ ಸಂಜೆ ಅಂಜುಮ ಹಿಂದಿನ ದಿನದ ವಿಡಿಯೋ ತೋರಿಸಿದಳು. ಅದರಲ್ಲಿ ಮಾಸ್ತರರು ಮಂಜೂರನ ಅಂಗಡಿಯ ಮುಂದೆ ನಿಂತು, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯ ತನಕ ಇಡೀ ಸೈಕಲ್ಲನ್ನು ತೋರಿಸಿದ್ದಾರೆ. ಆರು ತಿಂಗಳಲ್ಲಿ ಅದೇ ಮೊದಲು. ಮಂಜೂರ ಹಿಂದಿನ ಗಾಲಿ ಬಿಚ್ಚಿ ಕುಳಿತಿದ್ದಾನೆ. 'ಇವ ಮಂಜೂರ ನೋಡ್ರಿ, ನನ್ನ ಸೈಕಲ್ಲಿನ ಡಾಕ್ಟರ' ಅಂತಾ ಮಾಸ್ತರರ ದನಿ ಕೇಳುತ್ತದೆ. ಮಂಜೂರ ಹಲ್ಲು ಕಿರಿಯುತ್ತಾನೆ. ಒಟ್ಟು 22 ಸೆಕೆಂಡು.

ಆ 22 ಸೆಕೆಂಡನ್ನು ನಾನು ಆ ದಿನ 31 ಸಲ ನೋಡಿದ್ದೇನೆ. ಊಟ ಮಾಡಲಿಲ್ಲ. ಅಂಗಡಿ ಬಂದ್ ಇತ್ತೆಂದು ಅವನ ಹತ್ತಿರ ಹೋಗಿದ್ದಾರೆ, ಅದರಲ್ಲಿ ಏನಿದೆ ಎಂದು ರಾಜಾಬೀ ಹೇಳಿದರೆ ಅವಳ ಮೇಲೆಯೇ ಹರಿಹಾಯ್ದೆ. ಒಂದು ದಿನ ತಡೆಯಬಾರದಿತ್ತೇ? ಹದಿನಾಲ್ಕು ವರ್ಷ ನೋಡಿಕೊಂಡವನು ಯಾರು, ಡಾಕ್ಟರ ಯಾರು! ನನಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಹವಾಲ್ದಾರರು 'ವೈಷಮ್ಯ ಉಂಟಾಗಿ' ಎಂದು ಬರೆದುಕೊಂಡಿದ್ದು, ನಾನು ಅದು ವೈಷಮ್ಯ ಅಲ್ಲ, ಹೊಟ್ಟೆಕಿಚ್ಚು, ಹಾಗೇ ಬರೀರಿ ಎಂದು ಕೇಳಿಕೊಂಡಿದ್ದರಿಂದ ತಿದ್ದಲಾಗಿದೆ.

ದಿನಾಂಕ 09-09-2025 ರಂದು ಸಂಜೆ 4-30ಕ್ಕೆ ಮಾಸ್ತರರು ಗಾಳಿ ಹೊಡೆಸಲು ನನ್ನ ಅಂಗಡಿಗೆ ಬಂದರು. ಪಂಪು ಕೆಟ್ಟಿದೆ ಎಂದೆ. ಪಂಪು ನನ್ನ ಕೈಯಲ್ಲೇ ಇತ್ತು. ಅವರು ಪಂಪನ್ನೂ ನನ್ನನ್ನೂ ನೋಡಿ, 160 ಅಡಿ ಮುಂದೆ ಹೋಗಿ ಗಾಳಿ ಹೊಡೆಸಿಕೊಂಡರು.

ದಿನಾಂಕ 13-09-2025 ಶನಿವಾರ ಸಂಜೆ 5-25ಕ್ಕೆ ನಾನು ಮಾಸ್ತರರ ಮನೆಗೆ ಹೋದೆ. ಅವರು ಕೊಪ್ಪಳಕ್ಕೆ ಹೋಗಿದ್ದು ನನಗೆ ಗೊತ್ತಿತ್ತು. ಸೈಕಲ್ ಒಮ್ಮೆ ನೋಡಿ ಹೋಗು ಎಂದು ಮಾಸ್ತರರೇ ಹೇಳಿದ್ದಾರೆಂದು ಅವರ ಹೆಂಡತಿ ಲಲಿತಾ ಅವರಿಗೆ ಸುಳ್ಳು ಹೇಳಿದೆ. ಆಕೆ, 'ನೋಡ್ರಿ ಅಣ್ಣಾರ, ನಾ ಚಹಾ ಮಾಡ್ತೀನಿ' ಎಂದು ಒಳಗೆ ಹೋದರು. ಕರೆಂಟು ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕ್ಯಾಮೆರಾ ಚಾರ್ಜಿಗೆ ಹಚ್ಚಿಟ್ಟದ್ದು ಅಂಗಳದ ಕಡೆಗೆ ಮುಖ ಮಾಡಿ ಇತ್ತು. 5-32ಕ್ಕೆ ಕರೆಂಟು ಬಂದು ಅದರಲ್ಲಿ ಕೆಂಪು ದೀಪ ಹತ್ತಿತು. ಚಾರ್ಜ್ ಆಗುತ್ತಿದೆ ಎಂದು ನಾನು ಅದರ ಕಡೆಗೆ ಮತ್ತೆ ನೋಡಲಿಲ್ಲ.

ಹಿಂದಿನ ಗಾಲಿಯ ಬಲಗಡೆಯ ನಟ್ಟನ್ನು ಒಂದೂವರೆ ಸುತ್ತು ಸಡಿಲಿಸಿದೆ. ನಾಳೆ ಮಾಸ್ತರರು ಸೈಕಲ್ ಹೊಡೆಯುವಾಗ ಗಾಲಿ ಓರೆಯಾಗಿ ತಿಕ್ಕಬೇಕು, ಮಂಜೂರನಿಗೆ ಕೆಲಸ ಬರುವುದಿಲ್ಲ ಎಂದು ಅವರೇ ಅನ್ನಬೇಕು, ಸೈಕಲ್ ನೂಕಿಕೊಂಡು ನನ್ನ ಅಂಗಡಿಗೆ ಬರಬೇಕು, ಇಷ್ಟೇ ನನ್ನ ವಿಚಾರವಿತ್ತು. ಅವರು ಬೀಳಲಿ ಎಂದು ನಾನು ಬಯಸಿಲ್ಲ. ಆದರೆ ದಿಬ್ಬದಲ್ಲಿ ನಿಂತು ತುಳಿದರೆ ಚೈನು ಗಾಲಿಯನ್ನು ಎಳೆದು ಚೌಕಟ್ಟಿಗೆ ಕಚ್ಚಿಸುತ್ತದೆ ಎಂಬುದು 36 ವರ್ಷ ಪಾನಾ ಹಿಡಿದ ನನಗೆ ಗೊತ್ತಿಲ್ಲದ್ದಲ್ಲ. ಲಲಿತಾ ಅವರು ತಂದ ಚಹಾ ಕುಡಿದು ಬಂದೆ.

ದಿನಾಂಕ 14-09-2025 ರವಿವಾರ ಬೆಳಿಗ್ಗೆ 6-25ಕ್ಕೆ ಯಲಬುರ್ಗಾ ರಸ್ತೆಯಲ್ಲಿ, ಊರಿನಿಂದ ನಾಲ್ಕು ಕಿ.ಮೀ. ದೂರದ ದಿಬ್ಬದಲ್ಲಿ ಗಾಲಿ ಕಚ್ಚಿಕೊಂಡು ಮಾಸ್ತರರು ಬಿದ್ದು, ಬಲ ಭುಜದ ಎಲುಬು ಮುರಿಯಿತು. ಲಲಿತಾ ಅವರ ಅಣ್ಣ ಮಂಜೂರನ ಮೇಲೆ ದೂರು ಕೊಟ್ಟರು. ಶನಿವಾರ ನಾನು ಹೋಗಿದ್ದು ಲಲಿತಾ ಅವರಿಗೆ ಗೊತ್ತಿದ್ದರೂ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸೋಮವಾರ ಪೊಲೀಸರು ನನ್ನನ್ನು ಹಳೆಯ ಮಿಸ್ತ್ರಿ ಎಂದು ಕರೆಸಿ ಸೈಕಲ್ ತೋರಿಸಿದಾಗ, ನಟ್ಟು ಬಿಗಿ ಮಾಡದೆ ಬಿಡುವುದು ಮಂಜೂರನ ಮೊದಲಿನ ಚಾಳಿ ಎಂದು ಹೇಳಿಕೆ ಕೊಟ್ಟೆ. ಅವನಿಗೆ ಅಂಥ ಚಾಳಿ ಇಲ್ಲ. ಎಂಟು ವರ್ಷದಲ್ಲಿ ಒಂದು ನಟ್ಟನ್ನೂ ಅವನು ಸಡಿಲ ಬಿಟ್ಟಿಲ್ಲ.

ದಿನಾಂಕ 16-09-2025 ರಂದು ಸಂಜೆ ತಂಗಿ ಗೌಸಬೀ ನಮ್ಮ ಮನೆಗೆ ಬಂದಳು. ಮಂಜೂರ ಅಂಗಡಿ ಬಂದ್ ಮಾಡಿದ್ದಾನೆ, ಪಾನಾ ಮುಟ್ಟುತ್ತಿಲ್ಲ ಎಂದಳು. ಅದನ್ನು ಕೇಳಿ ಮೊದಲಿಗೆ ನನಗೆ ಖುಷಿಯಾಯಿತು. ಬರೆಯಿರಿ, ಖುಷಿಯಾಯಿತು. ಆಮೇಲೆ ಅವಳು ಮಗ ಹೇಳಿದ ಮಾತು ಹೇಳಿದಳು. 'ನಟ್ಟ ಬಿಗಿ ಮಾಡಿದ್ದು ನನಗ ನೆನಪೈತಿ. ಆದ್ರ ಮಾಮು ಸಡಿಲ ಇತ್ತು ಅಂದಾರಂದ್ರ ಸಡಿಲ ಇತ್ತು. ನನ್ನ ಕೈನ ಕೆಟ್ಟೈತಿ' ಅಂತಾ ಅಂದನಂತೆ. ತನ್ನ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದಾನೆ, ಹುಚ್ಚ. ಆದರೂ ಆ ದಿನ ನಾನು ಬಾಯಿ ಬಿಡಲಿಲ್ಲ.

ದಿನಾಂಕ 17-09-2025 ರಂದು ಮಧ್ಯಾಹ್ನ 3 ಗಂಟೆಗೆ ಲಲಿತಾ ಅವರು ಪೊಲೀಸರು ವಾಪಸ್ ಕೊಟ್ಟ ಸೈಕಲ್ಲನ್ನು ಗಾಡಿಯಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. 'ನಜೀರಸಾಬ್ರ ಬಿಟ್ಟು ಇನ್ನ ಯಾರೂ ಇದನ್ನ ಮುಟ್ಟೂದು ಬ್ಯಾಡ ಅಂತ ನಮ್ಮನಿಯವ್ರು ಹೇಳ್ಯಾರ' ಅಂದರು. ಇದೇ ಮಾತಿಗೆ ನಾನು ಕಾದಿದ್ದು. ಕೇಳಿದ ಮೇಲೆ ಸೈಕಲ್ಲನ್ನು ಇಳಿಸಿಕೊಂಡು, ಹಿಂದಿನ ಗಾಲಿ ಗೋಡೆಯ ಕಡೆಗೆ ಬರುವಂತೆ ನಿಲ್ಲಿಸಿದೆ. ಕ್ಲಿಪ್ಪು ಮುರಿದ ಕ್ಯಾಮೆರಾವನ್ನೂ ಕೊಟ್ಟು, ಕೆಲಸ ಮಾಡುತ್ತದೋ ಇಲ್ಲವೋ ನೋಡಿರಿ ಎಂದು ಹೇಳಿ ಹೋದರು.

ಅದೇ ದಿನ ಸಂಜೆ 7-15ಕ್ಕೆ ಅಂಜುಮ ಅದರ ಕಾರ್ಡನ್ನು ತನ್ನ ಫೋನಿಗೆ ಹಾಕಿದಳು. ರವಿವಾರದ ವಿಡಿಯೋಕ್ಕಿಂತ ಮೊದಲು ಶನಿವಾರದ್ದೊಂದು ಇತ್ತು. ಇಂಥ ಅಗ್ಗದ ಕ್ಯಾಮೆರಾಗಳು ಕರೆಂಟು ಸಿಕ್ಕ ಕೂಡಲೇ ತಾವಾಗಿಯೇ ಶುರುವಾಗುತ್ತವೆ ಎಂದು ಅವಳು ಹೇಳಿದಳು. ಅಂಗಳ, ಸೈಕಲ್, ನಾನು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಯ ತನಕ ಸೈಕಲ್ ಪೂರ್ತಿ ಕಾಣುತ್ತದೆ, ಸಂಜೆಯ ಬಿಸಿಲಿಗೆ ರಿಮ್ಮು ಹೊಳೆಯುತ್ತದೆ. ನಾನು ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸುತ್ತೇನೆ, ಚೈನಿನ ಮೇಲಿನ ಧೂಳು ಒರೆಸುತ್ತೇನೆ. ಅಷ್ಟೆಲ್ಲಾ ಒರೆಸಿ ಆಮೇಲೆ ಪಾನಾ ತೆಗೆದಿದ್ದೇನೆ.

ಅಂಜುಮ ಪೂರ್ತಿ ನೋಡಿ, ನನ್ನ ಮುಖ ನೋಡದೆ, 'ಅಬ್ಬಾಜಾನ್, ಅಳಿಸ್ಲ್ಯಾ?' ಅಂತಾ ಕೇಳಿದಳು. ಅವಳ ಬೆರಳು ಅಳಿಸುವ ಗುರುತಿನ ಮೇಲೆಯೇ ಇತ್ತು. ಬೇಡ ಎಂದು ಫೋನು ಕಸಿದುಕೊಂಡೆ. ಅವಳು ಅತ್ತಳು. ಅಪ್ಪ ಹೀಗೆ ಮಾಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

ಇಂದು ಬೆಳಿಗ್ಗೆ 9-40ಕ್ಕೆ ಆ ಸೈಕಲ್ಲನ್ನು ಹಿಂದಿನ ಗಾಲಿ ಎತ್ತಿ ಹಿಡಿದು ನೂಕಿಕೊಂಡು ಹೋಗಿ ಮಂಜೂರನ ಅಂಗಡಿಯ ಬಾಗಿಲಿಗೆ ಆನಿಸಿ, ನನ್ನ ಪಾನಾವನ್ನು ಅದರ ಸೀಟಿನ ಮೇಲೆ ಇಟ್ಟು ಬಂದಿದ್ದೇನೆ. 160 ಅಡಿ ಹೋಗಲು ಹತ್ತು ನಿಮಿಷ ಹಿಡಿಯಿತು. ಅದನ್ನು ಇನ್ನು ಅವನೇ ದುರಸ್ತಿ ಮಾಡಬೇಕು. ಅವನ ಕೈ ಕೆಟ್ಟಿಲ್ಲ, ಕೆಟ್ಟದ್ದು ನನ್ನದು ಎಂದು ಸಾಹೇಬರು ಅವನಿಗೆ ತಿಳಿಸಬೇಕು. ನನ್ನ ಮಾತನ್ನು ಅವನು ಇನ್ನು ನಂಬಲೇಬಾರದು.

ಕಾರ್ಡನ್ನು ಕಾಗದದಲ್ಲಿ ಸುತ್ತಿ ತಂದು ಹಾಜರುಪಡಿಸಿದ್ದೇನೆ. ಕಾನೂನಿನಂತೆ ಏನು ಶಿಕ್ಷೆ ಇದೆಯೋ ಕೊಡಿ. ಒಂದೇ ಬೇಡಿಕೆ, ಕೇಸು ಮುಗಿದ ಮೇಲೂ ಆ ವಿಡಿಯೋವನ್ನು ಅಳಿಸಬಾರದು. ನಾನೂ ಆ ಸೈಕಲ್ಲೂ ಕೂಡಿ ಕಾಣುವುದು ಅದೊಂದರಲ್ಲೇ. ಮಂಜೂರನದು 22 ಸೆಕೆಂಡು. ನನ್ನದು ಹನ್ನೊಂದು ನಿಮಿಷ.

ಹವಾಲ್ದಾರರು ಇದನ್ನು ಮೊದಲಿನಿಂದ ಕೊನೆಯ ತನಕ ಓದಿ ಹೇಳಿದರು, ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಈ ಸಲ ಹೇಳಿದ್ದು ಖರೆ ಇದೆ.

ಸ್ಥಳ: ಕುಷ್ಟಗಿ
ದಿನಾಂಕ: 18-09-2025, ಬೆಳಿಗ್ಗೆ 11-45
ಸಹಿ: ನಜೀರಸಾಬ