ಮಿಲಿತ್ಸಾಳ ಪಾಲಿನ ಟೀ

…ಅಲ್ಲಯ್ಯಾ ಪವನ್, ಸರ್ಬಿಯಾಕ್ಕೆ ಒಲಿಂಪಿಕ್ಸ್ ಚಿನ್ನ ತಂದುಕೊಟ್ಟ ಓಟಗಾರ್ತಿಯ ಕೋಚ್ ಯಾರು ಅಂದ್ಕೊಂಡೆ? ಈ ರಮಾನಂದ! ಒಂಟಿಕೊಪ್ಪಲು ರಮಾನಂದ!… ಸರಿ ಸರಿ, ಹಾಗೆ ನೋಡಬೇಡ. ಸುಳ್ಳು. ಚಿನ್ನವೂ ಇಲ್ಲ, ನಾನು ಕೋಚೂ ಅಲ್ಲ. ಮಿಲಿತ್ಸಾ ಪಂಗಾನಿ ಬಡಾವಣೆಯ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿರೋಳು. ಗ್ರೌಂಡಿನಲ್ಲಿ ಅವಳ ಸ್ಟಾಪ್‌ವಾಚ್ ಹಿಡ್ಕೊಂಡು ನಿಲ್ಲೋನು ನಾನು. ಅಷ್ಟೇ.

ಹೆಲನ್! ಮೂರು ಚಾಯ್!… ಮೂರೇ ಕಣಯ್ಯಾ. ಅವಳೂ ಬರ್ತಾಳಲ್ಲ. ರಾತ್ರಿ ವಿಮಾನ, ಹತ್ತೋಕೆ ಮುಂಚೆ ನಿಮ್ಮ ಜೊತೆ ಒಂದು ಟೀ ಅಂದಿದ್ದಾಳೆ.

ಯಾಕೆ ನಗ್ತೀಯ? ಎಂಟುನೂರು ಮೀಟರ್ ಅಂದ್ರೆ ಆಟವಾ? ಮೊದಲನೇ ಸುತ್ತು ಕಾಲಲ್ಲಿ ಓಡೋದು, ಎರಡನೇದು ಬರೀ ಹಠದಲ್ಲಿ! ಇಪ್ಪತ್ತನೇ ವಯಸ್ಸಲ್ಲಿ ಯುರೋಪನ್ನೇ ನಡುಗಿಸಿದ್ಲು… ನಡುಗಿಸಿದ್ದು ನಾನು ಸೇರಿಸಿದ್ದು. ಫೈನಲ್‌ವರೆಗೆ ಹೋಗಿದ್ದು ನಿಜ. ಆಮೇಲೆ ಹಿಮ್ಮಡಿ ಕೈಕೊಡ್ತು. ಕೇಳೋರೇ ಇಲ್ಲದ ಹಾಗಾಯ್ತು. ಇಲ್ಲಿನ ಎತ್ತರದ ಗಾಳಿ ಉಸಿರು ಬೆಳೆಸುತ್ತೆ ಅಂತ, ಇದ್ದಿದ್ದೆಲ್ಲ ಮಾರಿ ನೈರೋಬಿಗೆ ಬಂದ್ಲು. ರಿಯೋ ಒಲಿಂಪಿಕ್ಸ್‌ಗೆ ಹೋಗಲೇಬೇಕಂತೆ. ಮುಂದಿನ ವಾರ ಬೆಲ್‌ಗ್ರೇಡಿನಲ್ಲಿ ಆಯ್ಕೆ ಓಟ. ಗೆದ್ದೇ ಗೆಲ್ತಾಳೆ ಬಿಡು! ತಿಂಗಳಿಂದ ತಿಂಗಳಿಗೆ ಟೈಮ್ ಇಳೀತಾನೇ ಇದೆ…

ಏನು, ನಿನ್ನ ಕೈಯ ವಾಚು ಯಾಕೆ ಸವರ್ತಿದ್ದೀಯ? ಬೆಳಿಗ್ಗೆ ನೀನೂ ಅವಳ ಟೈಮ್ ಹಿಡಿದ್ಯಾ? ಅದರಲ್ಲಾ? ನನ್ನದಕ್ಕಿಂತ ಜಾಸ್ತಿ ಬಂತಾ? ಡ್ಯೂಟಿ ಫ್ರೀ ಮಾಲು ಕಣೋ, ನಂಬಬೇಡ… ಸರಿಯಾಗೇ ಇದೆಯಾ?

ಇರಲಿ. ಮೊದಲನೇ ಸಲ ಬೇಕಂತ ಮಾಡಿದ್ದಲ್ಲ. ರಸ್ತೇಲಿ ಒಂದು ಮಟಾಟು ವ್ಯಾನು ಹಾರ್ನ್ ಹೊಡೀತು, ತಿರುಗಿ ನೋಡಿದೆ, ಅವಳು ಓಟ ಶುರು ಮಾಡಿದ ಮೇಲೆ ವಾಚು ಒತ್ತಿದೆ, ಟೈಮ್ ಕಮ್ಮಿ ಬಂತು. ಟೈಮ್ ನೋಡಿ ನಕ್ಕಳು. ಬಂದಾಗಿನಿಂದ ಅವಳ ಹಲ್ಲು ಕಂಡಿದ್ದೇ ಅವತ್ತು! ಆಮೇಲೆ ಸರಿಯಾಗಿ ಒತ್ತೋಕೆ ಕೈ ಬರಲಿಲ್ಲ… ತಮಾಷೆಗೆ ಕಣೋ! ನನ್ನ ತಮಾಷೆ ಗೊತ್ತಲ್ಲ ನಿಂಗೆ!

ಬೇಕಾದ್ರೆ ಬೈದುಬಿಡು. ಹೌದು, ಆ ಟೈಮ್ ನಂಬಿಕೊಂಡು ತನ್ನ ಊರಿನ ಶಾಲೆಯ ಪಿ.ಟಿ. ಟೀಚರ್ ಕೆಲಸ ಬೇಡ ಅಂದ್ಲು. ಹೋದ ವಾರ. ಇದೇ ಟೇಬಲ್ಲಿನಿಂದ ಫೋನ್ ಮಾಡಿ. ನಾನು ಪಕ್ಕದಲ್ಲೇ ಕೂತು ಬನ್ನು ಅದ್ದಿಕೊಂಡು ತಿಂತಿದ್ದೆ.

ಅವಳಿಗೆ ಮಾತ್ರ ಹೇಳಬೇಡಪ್ಪ. ವಿಮಾನ ಹತ್ತಿಬಿಡ್ಲಿ. ಅಲ್ಲಿ ಸೋತರೆ ಗಾಳಿ ಸರಿಯಿರಲಿಲ್ಲ, ಶೂ ಸರಿಯಿರಲಿಲ್ಲ ಅಂದ್ಕೋತಾಳೆ. ಈ ರಮಾನಂದ ಸರಿಯಿರಲಿಲ್ಲ ಅಂತ ಗೊತ್ತಾಗೋದು ಬೇಡ… ಪವನ್? ಯಾಕೆ ತಲೆ ತಗ್ಗಿಸ್ದೆ?

ಹೇಳಿಬಿಟ್ಯಾ?

…ಅದಕ್ಕೇ ಇನ್ನೂ ಬಂದಿಲ್ಲ.

ಏನಂದ್ಲು?… ಬೇಡ, ಹೇಳಬೇಡ. ನೋಡು, ಅವಳ ಟೀ ಮೇಲೆ ಕೆನೆ ಕಟ್ತು.

ದುಡ್ಡು ನೀನೇ ಕೊಡು ಗುರು, ಮೂರಕ್ಕೂ. ನನ್ನ ಪರ್ಸು ಮನೇಲಿದೆ… ಇದು ಸುಳ್ಳಲ್ಲ ಕಣೋ! ಆ ಮನೆಗೆ ಈಗ ಹೇಗೆ ಹೋಗ್ಲಿ?