ಅಣ್ಣ ಹೆರೆಯಗೊಡದ ಅಂಚು

ಕೇಳಿ ತಾಯಂದಿರೇ. ಒಂದೂರಲ್ಲಿ ಒಬ್ಬ ಸಾಹುಕಾರ, ಅವನ ಬೆನ್ನಿಗೆ ಬಿದ್ದವನು ಒಬ್ಬ ತಮ್ಮ. ಇಬ್ಬರಿಗೂ ಆಸ್ತಿ ಪಾಲಾಯಿತು. ಹೊಲ ಪಾಲಾಯಿತು, ಮನೆ ಪಾಲಾಯಿತು, ಪಾತ್ರೆ ಪಡಗ ಪಾಲಾಯಿತು. ಉಳಿದದ್ದು ಅಪ್ಪ ಮಾಡಿಸಿದ್ದ ಬೀಟೆ ಮರದ ಊಟದ ಮೇಜು. ಅದನ್ನು ಏನು ಮಾಡಿದರು ಗೊತ್ತೇ? ಉದ್ದಕ್ಕೆ ಗರಗಸ ಹಾಕಿಸಿ ಸೀಳಿದರು! ಹೆತ್ತಪ್ಪ ಕೂತು ಉಂಡ ಮೇಜು ತಾಯಂದಿರೇ! ಆಳಿಗೆರಡು ಕಾಲು. ಇಬ್ಬರೂ ತಂತಮ್ಮ ಅರ್ಧವನ್ನು ಗೋಡೆಗೆ ಆನಿಸಿಕೊಂಡು, ಗೋಡೆ ನೋಡಿಕೊಂಡು ಉಂಡರು. ಅಣ್ಣನಂತೂ ಕೊಯ್ದ ಅಂಚಿಗೂ ಪಾಲಿಶ್ ಹೊಡೆಸಿದ. ಎಂಥ ಛಲ ನೋಡಿ.

ವರ್ಷಗಳು ಕಳೆದವು. ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ತಮ್ಮನೇ ಅಣ್ಣನ ಮೆಟ್ಟಿಲು ಹತ್ತಿ ಬಂದ.

"ಅಣ್ಣಾ, ನೀನೇ ಮುಂದೆ ನಿಂತು ಮದುವೆ ನಡೆಸಿಕೊಡ್ಬೇಕು."

ಅಣ್ಣನಿಗೂ ಇದೇ ಬೇಕಾಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. "ನಿನ್ನ ಅರ್ಧ ಮೇಜು ಕಳ್ಸು, ಕೂಡಿಸ್ತೀನಿ. ಮದುವೆಗೆ ಮುಂಚೆ ಒಂದು ದಿನ ಎರಡು ಮನೆಯವರೂ ಅದರ ಮೇಲೇ ಉಣ್ಣೋಣ" ಅಂದ.

ಬಡಗಿಯನ್ನು ಕರೆಸಿದ. ತಾನೇ ಪೇಟೆಗೆ ಹೋಗಿ ಅಂಟಿನ ಮೇಲೆ ಅಂಟು ತಂದ. ಬಿಳಿ ಅಂಟು, ಹಳದಿ ಅಂಟು, ಎರಡು ಟ್ಯೂಬು ಕಲಸಿ ಹಚ್ಚುವ ಅಂಟು.

"ಇದರಲ್ಲಿ ಯಾವುದು ಗಟ್ಟಿ?"

"ಬೀಟೆ ಜಿಡ್ಡಿನ ಮರ ಯಜಮಾನ್ರೇ, ಕಲಸೋ ಅಂಟೇ ಸರಿ. ಆದ್ರೆ ಎರಡೂ ಅಂಚು ಹೆರೀಬೇಕು. ಪಾಲಿಶ್, ಕೊಳೆ ಎಲ್ಲ ಹೋಗಿ ಒಳಗಿನ ಮರ ಕಾಣ್ಬೇಕು."

"ಅವನ ಕಡೆ ಹೆರಿ. ನನ್ನದು ಮುಟ್ಟಬೇಡ. ಪಾಲು ಕೇಳಿದವನು ಅವನು, ಹೆರೆಸಿಕೊಳ್ಳಬೇಕಾದವನೂ ಅವನೇ!"

ಬಡಗಿ ತಲೆ ಕೆರೆದುಕೊಂಡ. "ನೀವು ಹೇಳಿದ ಹಾಗೆ" ಅಂದುಬಿಟ್ಟ.

ಊಟದ ದಿನ ಬಂತು. ಮೇಜಿನ ಒಂದು ಬದಿಗೆ ಅಣ್ಣನ ಸಂಸಾರ, ಎದುರಿಗೆ ತಮ್ಮನ ಸಂಸಾರ. ಎಲೆ ಹಾಕಿದರು, ನಡುವೆ ಅನ್ನದ ಪಾತ್ರೆ, ಹುಳಿಯ ಪಾತ್ರೆ ಇಟ್ಟರು. ಮದುವೆ ಹುಡುಗಿ ದೊಡ್ಡಪ್ಪನಿಗೆ ಹೋಳಿಗೆ ಬಡಿಸಲು ಬಗ್ಗಿ ಮೇಜಿಗೆ ಕೈ ಊರಿದಳು. ಚಟಾರ್! ಅಯ್ಯೋ, ಮೇಜು ಹಳೇ ಗಾಯದ ಉದ್ದಕ್ಕೂ ಬಾಯಿ ಬಿಟ್ಟಿತು! ಎರಡು ಅರ್ಧವೂ ಕುಸಿದವು, ಅನ್ನ ಹುಳಿ ಎಲ್ಲ ನೆಲದ ಪಾಲು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ.

"ಅಂಟು ಮೋಸ! ಅಂಗಡಿಯವನು ಮೋಸ!" ಅಂತ ಅಣ್ಣ ಕೂಗಿದ. ಕೂಗುತ್ತಲೇ ಬಗ್ಗಿ ನೋಡಿದ. ಅಂಟು ತಮ್ಮನ ಅಂಚಿನಲ್ಲಿ ಕಲ್ಲಿನ ಹಾಗೆ ಕೂತಿದೆ, ಒಂದು ಚೂರೂ ಬಿಟ್ಟಿಲ್ಲ. ತನ್ನ ಅಂಚು? ಪಾಲಿಶ್ ಥಳಥಳ ಹೊಳೆಯುತ್ತಿದೆ. ಅಂಟಿನ ಗುರುತೇ ಇಲ್ಲ! ಮುಚ್ಚಿಡೋಣವೆಂದರೆ ಮನೆಮಂದಿಯೆಲ್ಲ ಅದನ್ನೇ ನೋಡುತ್ತಿದ್ದಾರೆ.

"ನನ್ನ ಕಡೆ ಮಾತ್ರ ಹೆರೆಸಿದ್ಯಾ ಅಣ್ಣಾ?" ಅಂದ ತಮ್ಮ.

ತಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮಗಳ ಕೈ ಹಿಡಿದುಕೊಂಡು ಹೊರಟುಹೋದ. ಆಮೇಲೆ ಲಗ್ನಪತ್ರಿಕೆ ಬಂತು, ಊರಿಗೆಲ್ಲ ಬಂದ ಹಾಗೆ. ಮುಂದೆ ನಿಂತು ನಡೆಸಿಕೊಡು ಅನ್ನುವ ಮಾತು ಮಾತ್ರ ಬರಲಿಲ್ಲ. ಸ್ವಂತ ದೊಡ್ಡಪ್ಪ ಹಿಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿ ಬಂದ.

ಮೇಜು ಸೀಳಿದರು ಅಂದಾಗ ನಕ್ಕಿರಿ ನೀವು. ಈಗ ಹೇಳಿ, ರಾಜಿಗೆ ಹೋಗುವಾಗ ನೀವು ಏನು ಒಯ್ಯುತ್ತೀರಿ? ಸೀರೆ ಒಯ್ಯುತ್ತೀರಿ, ಸಿಹಿ ಒಯ್ಯುತ್ತೀರಿ, ನಾಲ್ಕು ಜನ ಹಿರಿಯರನ್ನೂ ಕರೆದೊಯ್ಯುತ್ತೀರಿ. "ತಪ್ಪಾಯ್ತು" ಅಂತೀರಿ. ಉಸಿರು ಬಿಡುವ ಮೊದಲೇ "ಆದ್ರೆ ನೀನೂ ಹಾಗೆ ಅನ್ನಬಾರದಿತ್ತು" ಅಂತೀರಿ. ಅಂತೀರೋ ಇಲ್ಲವೋ? ಅಲ್ಲಿಗೆ ಆ ರಾಜಿ ಮುಗಿಯಿತು!

ಇವತ್ತು ಇಲ್ಲಿಂದ ಎದ್ದವರು, ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಬಾಗಿಲಿಗೆ ಹೋಗಿ. ಬರಿಗೈಲಿ ಹೋದರೂ ಪರವಾಗಿಲ್ಲ. ನಿಮ್ಮ ತಪ್ಪು ಯಾವುದೋ ಅದನ್ನು ಹೆಸರು ಹಿಡಿದು ಹೇಳಿ. ಹೇಳಿ ಸುಮ್ಮನಿರಿ. ಅವರ ತಪ್ಪನ್ನು ಅವರು ಹೇಳಿಕೊಂಡರೆ ಸರಿ, ಹೇಳದಿದ್ದರೂ ಸರಿ. ಆ "ಆದ್ರೆ" ಮಾತ್ರ ಬಾಯಿಂದ ಬರಕೂಡದು, ನಾಲಿಗೆ ಕಚ್ಚಿಕೊಂಡು ನುಂಗಿಬಿಡಿ.