ಹುಬ್ಬಿಗೆ ಕಾಲಂ ಇಲ್ಲ

ಹಲೋ... ಹಲೋ, ಯಾರು ಮಾತಾಡ್ತಿರೋದು? ... ಸೆಮಿಸಿ ಅವ್ರಾ? ಟೋಂಗಾ, ವವಾಉ ದ್ವೀಪದ ಪಂಪು ರಿಪೇರಿ ವರ್ಕ್‌ಶಾಪ್ ತಾನೇ ಇದು? ...

ಹಲೋ? ಇದ್ದೀರಾ? ... ಹಾಂ, ಉಸಿರಾಡೋದು ಕೇಳಿಸ್ತಿದೆ, ಇದ್ದೀರಿ. ನಾನು ಗ್ಲೆನಿಸ್, ಆಸ್ಟ್ರೇಲಿಯಾದಿಂದ. ಇಂಜಿನಿಯರಿಂಗ್ ಓದೋರನ್ನ ಹೊರದೇಶಕ್ಕೆ ಕೆಲಸ ಕಲಿಯೋಕೆ ಕಳಿಸ್ತೀವಲ್ಲ, ಆ ವಿಭಾಗದವಳು. ಟೀಗನ್‌ನ ನಿಮ್ಮ ಹತ್ರ ಕಳಿಸಿದ್ದು ನಾನೇ. ನೆನಪಿದ್ಯಾ? ...

ನೆನಪಿಲ್ವಾ? ಹನ್ನೆರಡು ವಾರ ನಿಮ್ಮ ಕೈಕೆಳಗೆ ದುಡಿದ್ಲಲ್ರೀ, ಕೆಂಚು ಕೂದಲಿನ ಹುಡುಗಿ! ... ಹೋಗ್ಲಿ ಬಿಡಿ. ನನಗೂ ವಾರಕ್ಕೆ ಮೂರು ಸಲ ಕಾರಿನ ಕೀ ಎಲ್ಲಿಟ್ಟೆ ಅಂತ ಮರೆಯುತ್ತೆ.

ವಿಷಯಕ್ಕೆ ಬರ್ತೀನಿ. ಇವತ್ತು ಎರಡು ಗಂಟೆಗೆ ನಮ್ಮ ಗುಣಮಟ್ಟ ಸಮಿತಿ ಕೂರುತ್ತೆ. ಅವರು ಒಪ್ಪಿದ್ರೆ ಆ ಹನ್ನೆರಡು ವಾರ ಲೆಕ್ಕಕ್ಕೆ ಬಂತು, ಹುಡುಗಿಗೆ ಡಿಗ್ರಿ ಸಿಕ್ತು. ಒಪ್ಪದೇ ಇದ್ರೆ ಇನ್ನೊಂದು ಕಡೆ ಮೊದಲಿಂದ ಹನ್ನೆರಡು ವಾರ. ನಿಮ್ಮ ವರ್ಕ್‌ಶಾಪ್ ನಮ್ಮ ಪಟ್ಟಿಯಿಂದ ಔಟ್. ಅರ್ಥ ಆಯ್ತಾ? ...

ಅರ್ಥ ಆಯ್ತಾ ಅಂದೆ. ... ಅಯ್ಯೋ ದೇವರೇ.

ಸರಿ, ಫಾರಂ ಓದ್ತೀನಿ, ನೀವು ಹೌದು ಇಲ್ಲ ಅಷ್ಟೇ ಹೇಳಿ. ಒಂದನೇದು: ವಿದ್ಯಾರ್ಥಿಗೆ ದಿನಾ ಮಾರ್ಗದರ್ಶನ ಕೊಟ್ರಾ? ... ಎರಡನೇದು: ಅವಳ ಕೆಲಸ ತಿದ್ದಿದ್ರಾ? ... ಮೂರನೇದು: ಸುರಕ್ಷತೆ ಬಗ್ಗೆ ಹೇಳ್ಕೊಟ್ರಾ? ...

ಸೆಮಿಸಿ ಅವ್ರೇ, ಗೋಡೆ ಜೊತೆ ಮಾತಾಡಿದ್ರೂ ಪ್ರತಿಧ್ವನಿಯಾದ್ರೂ ಬರುತ್ತೆ! ಮೂರಕ್ಕೂ 'ಉತ್ತರವಿಲ್ಲ' ಅಂತ ಬರೆದಿದ್ದೀನಿ. ಹುಡುಗಿ ಡೈರಿಯಲ್ಲೂ ಇದೇ ಗೋಳು. ಓದ್ತೀನಿ ಕೇಳಿ. 'ಪಂಪು ಕೂರಿಸೋ ಕಾಂಕ್ರೀಟ್ ಕಟ್ಟೆ ಲೆಕ್ಕ ಹಾಕಿ ತೋರಿಸಿದೆ. ಸರಿ ಇದೆಯಾ ಅಂತ ಕೇಳಿದೆ. ಸೆಮಿಸಿ ನನ್ನನ್ನ ಆಶ್ಚರ್ಯದಿಂದ ನೋಡಿದರು. ಎಲ್ಲೋ ತಪ್ಪಿರಬೇಕು. ಮತ್ತೆ ಹಾಕಿದೆ.' ಮರುದಿನ ಮತ್ತೆ ತೋರಿಸಿದ್ಲು, ನೀವು ಮತ್ತೆ ಆಶ್ಚರ್ಯ ಪಟ್ರಿ. ಹೀಗೆ ಹನ್ನೊಂದು ಸಲ! ಒಂದು ಕಟ್ಟೆಗೆ! ಅಲ್ಲಾ ಸ್ವಾಮಿ, ಹನ್ನೊಂದು ಸಲ ಆಶ್ಚರ್ಯ ಪಡೋಕೆ ಅದೇನು ತಾಜಮಹಲ್ಲಾ? ...

ನಗ್ತಿರೋದು ಯಾರು ಅಲ್ಲಿ? ... ಹಾಂ? ಯಾರಮ್ಮ ನೀವು, ಫೋನ್ ಕಿತ್ಕೊಂಡ್ರಾ? ... ಮೆಲೆ. ಅವರ ಹೆಂಡತಿ. ಸದ್ಯ, ಮಾತಾಡೋರು ಒಬ್ಬರು ಸಿಕ್ಕಿದ್ರು! ನಿಮ್ಮ ಯಜಮಾನ್ರು ಯಾಕಮ್ಮ ನನ್ನ ಒಂದು ಪ್ರಶ್ನೆಗೂ ಉತ್ತರ ಕೊಡ್ತಿಲ್ಲ? ...

ಕೊಟ್ರಾ? ಎಲ್ಲಾದಕ್ಕೂ ಹೌದು ಅಂದ್ರಾ? ಯಾವಾಗಮ್ಮ? ನನ್ನ ಕಿವಿ ಏನು ಕೆಟ್ಟಿಲ್ಲ. ... ಏನು ಏರಿಸಿದ್ರು? ...

ಹುಬ್ಬಾ? ...

ತಡೀರಿ, ತಡೀರಿ. ನಿಮ್ಮ ಕಡೆ ಹೌದು ಅನ್ನೋಕೆ ಹುಬ್ಬು ಏರಿಸ್ತಾರಾ? ... ಎಲ್ರೂನಾ? ... ಫೋನಲ್ಲೂನಾ! ಅಮ್ಮಾ ತಾಯಿ, ಹುಬ್ಬು ತಂತಿ ಮೇಲೆ ಬರುತ್ತೇನಮ್ಮ? ... ಅಭ್ಯಾಸಬಲ. ಹೂಂ, ಅದೂ ಸರಿ. ನಾನೂ ಫೋನಲ್ಲಿ ಕೈ ಬೀಸ್ಕೊಂಡೇ ಮಾತಾಡ್ತಿದ್ದೀನಿ ಈಗ.

ಹಾಗಾದ್ರೆ... ಅಯ್ಯಯ್ಯೋ. ಟೀಗನ್ ಮೊದಲನೇ ಸಲ ತೋರಿಸಿದಾಗಲೇ ಲೆಕ್ಕ ಸರಿ ಇತ್ತಾ? ... ಅವರು ಸರಿ ಅಂತ ಹುಬ್ಬು ಏರಿಸಿದ್ರೆ, ಇವಳು 'ಅಯ್ಯೋ, ಇವರು ನಂಬ್ತಿಲ್ಲ' ಅಂದ್ಕೊಂಡು ಮತ್ತೆ ಹಾಕಿದ್ಲಾ? ಹನ್ನೊಂದು ಸಲ! ... ಸೆಮಿಸಿ ಏನಂದ್ಕೊಂಡ್ರು? ... 'ಆಸ್ಟ್ರೇಲಿಯಾದೋರ ಗುಣಮಟ್ಟ ಅಂದ್ರೆ ಇದು' ಅಂತ ಊರೆಲ್ಲಾ ಹೊಗಳಿದ್ರಾ? ಕಿಸಕ್ಕ್... ನಗಿಸಬೇಡಿ ಮೆಲೆ, ಟೀ ಮೂಗಿಗೆ ಹೋಯ್ತು.

ಇಲ್ಲ, ನಗೋ ವಿಷಯ ಅಲ್ಲ ಇದು. ತಪ್ಪು ನಂದು. ಹೊರಡೋಕೆ ಮುಂಚೆ ಒಂದು ದಿನ ಪೂರ್ತಿ ಕೂರಿಸ್ಕೊಂಡು ಪಾಠ ಮಾಡಿದ್ದೆ. ಬಿಸಿಲಿಗೆ ಟೋಪಿ ಹಾಕು ಅಂದೆ. ತೆಂಗಿನ ಮರದ ಕೆಳಗೆ ಮಲಗಬೇಡ ಅಂದೆ. ಭಾನುವಾರ ಪಂಪು ಮುಟ್ಟಬೇಡ, ಚರ್ಚಿಗೆ ಹೋಗು, ಕೊಟ್ಟಿದ್ದೆಲ್ಲಾ ತಿನ್ನು ಅಂದೆ. ಹುಬ್ಬಿನ ವಿಷಯ ಒಂದು ಬಿಟ್ಟು ಎಲ್ಲಾ ಹೇಳಿದ್ದೆ. ನನಗೇ ಗೊತ್ತಿರಲಿಲ್ಲ ಅಲ್ವಾ! ನಿಮ್ಮನ್ನ ಪಟ್ಟಿಯಿಂದ ತೆಗೆಯೋ ಪತ್ರ ಟೈಪ್ ಮಾಡಿ ಇಲ್ಲೇ ಇಟ್ಟಿದ್ದೀನಿ. ನಾಚಿಕೆ ಆಗ್ತಿದೆ ಮೆಲೆ, ನಿಜವಾಗ್ಲೂ. ...

ಹರಿದೆ. ಕೇಳಿಸ್ತಾ? ಇನ್ನೊಂದ್ಸಲ ಹರೀತೀನಿ.

ಆ ಕಟ್ಟೆ ಏನಾಯ್ತು ಮತ್ತೆ? ... ಕಟ್ಟಿದ್ರಾ? ಪಂಪು ಕೂತಿದ್ಯಾ? ... ಶಾಲೆಗೆ ನೀರು ಬರ್ತಿದ್ಯಾ! ... ಯಾವ ಲೆಕ್ಕದ ಪ್ರಕಾರ ಕಟ್ಟಿದ್ರು? ... ಮೊದಲನೇದಾ! ಮಿಕ್ಕ ಹತ್ತು? ... ಒಲೆ ಹಚ್ಚೋಕೆ. ಸರಿ, ಅದನ್ನ ನಾನು ಅವಳಿಗೆ ಹೇಳಲ್ಲ.

ಮೆಲೆ, ಒಂದ್ನಿಮಿಷ. ... ಬನ್ನಿ ರಾಯ್ಸ್ ಅವ್ರೇ, ಬನ್ನಿ. ಟೋಂಗಾ ಜೊತೇನೇ ಮಾತಾಡ್ತಿದ್ದೀನಿ. ಆಯ್ತು, ಇನ್ನೇನು ಮುಗೀತು. ... ಮೆಲೆ, ನಮ್ಮ ಸಮಿತಿ ಅಧ್ಯಕ್ಷರು ಬಂದು ನೆತ್ತಿ ಮೇಲೆ ನಿಂತಿದ್ದಾರೆ. ಮೊಸರಲ್ಲಿ ಕಲ್ಲು ಹುಡುಕೋ ಮನುಷ್ಯ. ... ಅವರಿಗೂ ಕೇಳಿಸ್ತು, ಪರವಾಗಿಲ್ಲ, ಅಭ್ಯಾಸ ಇದೆ. ಹೆಂಡತಿ ಹೇಳಿದ್ರೆ ನಡೆಯಲ್ವಂತೆ. ಮೇಲ್ವಿಚಾರಕರೇ ಬಾಯಿಬಿಟ್ಟು ಹೇಳಬೇಕಂತೆ. ಫಾರಂನಲ್ಲಿ ಹುಬ್ಬಿಗೆ ಕಾಲಂ ಇಲ್ಲ ನೋಡಿ.

ಯಜಮಾನ್ರಿಗೆ ಒಂದೇ ಒಂದು ಸಲ ಬಾಯಲ್ಲಿ ಹೌದು ಅನ್ನೋಕೆ ಹೇಳಿ. ... ಕಷ್ಟಾನಾ? ... ಏನು, ಮದುವೆ ದಿನಾನೂನಾ? ಚರ್ಚಲ್ಲಿ, ಪಾದ್ರಿ 'ಇವಳನ್ನ ಒಪ್ಪಿದ್ದೀಯಾ' ಅಂತ ಕೇಳಿದಾಗ್ಲೂ ಹುಬ್ಬೇನಾ? ... ಪಾದ್ರಿ ಏನಂದ್ರು? ... ವಾಪಸ್ಸು ಹುಬ್ಬು ಏರಿಸಿದ್ರಾ! ಎಷ್ಟು ವರ್ಷ ಆಯ್ತು? ... ಇಪ್ಪತ್ತಾರು.

ಕೊಡಿ, ಕೊಡಿ ಅವರಿಗೆ. ... ಸೆಮಿಸಿ ಅವ್ರೇ, ಫೋನ್ ಜೋರಾಗಿಟ್ಟಿದ್ದೀನಿ, ಅಧ್ಯಕ್ಷರೂ ಕೇಳಿಸ್ಕೊಳ್ತಾರೆ. ಕೊನೇ ಪ್ರಶ್ನೆ. ಹುಡುಗಿಯ ಭವಿಷ್ಯ ನಿಮ್ಮ ಬಾಯಲ್ಲಿದೆ. ಬಾಯಿ ತೆಗೀರಿ, ಹುಬ್ಬು ಕೈಯಲ್ಲಿ ಹಿಡ್ಕೊಳ್ಳಿ. ಟೀಗನ್‌ಳ ಕೆಲಸ ನಿಮಗೆ ಒಪ್ಪಿಗೆಯಾ? ಅವಳನ್ನ ಮತ್ತೆ ಕೆಲಸಕ್ಕೆ ಕರೀತೀರಾ? ...

...

ಹಲೋ? ಸೆಮಿಸಿ ಅವ್ರೇ? ... ಹಲೋ? ...

ಹೋಯ್ತು. ಲೈನೇ ಹೋಯ್ತು ರಾಯ್ಸ್ ಅವ್ರೇ. ... ಉತ್ತರಾನಾ? ಕೊಟ್ಟೇ ಹೋದ್ರಲ್ಲ. ಹೌದು ಅಂದ್ರು. ... ನಿಮಗೆ ಕೇಳಿಸಲಿಲ್ವಾ? ಅದೇ ಉತ್ತರದ ಮೇಲೆ ಇಪ್ಪತ್ತಾರು ವರ್ಷದಿಂದ ಒಂದು ಸಂಸಾರ ನಿಂತಿದೆ, ಒಂದು ಪಂಪು ಕೂತಿದೆ, ನಿಮ್ಮ ಸಮಿತಿಗೆ ಸಾಲದಾ? ... ಹಾಂ, ನಾನೇ ಟಿಕ್ ಹಾಕ್ತೀನಿ. ಹಾಕ್ಲಾ? ...

ಅಯ್ಯೋ, ನೀವೂ ಏರಿಸಿಬಿಟ್ರಲ್ಲ! ಹಾಕ್ದೆ.